ಹಚ್ಚೆಯ ಶಾಯಿ ಮತ್ತು ನಮ್ಮ ಮನೆಯ ಕರಿ ಮೆಹಂದಿ

ಹಂಪಿಯೆದುರಿನ ವಿರೂಪಾಪುರಗಡ್ಡೆಯಲ್ಲಿ ವಿದೇಶಿ ಪ್ರವಾಸಿಗರು ತಂಗುತ್ತಿದ್ದ ಅನಧಿಕೃತ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ 2020ರ ಮಾರ್ಚ್‌ನಲ್ಲಿ ನೆಲಸಮಗೊಳಿಸಲಾಯಿತು. ಆದರೆ ಆ ಪ್ರವಾಸಿಗರ ತೋಳುಗಳಲ್ಲಿ ಕಾಣುತ್ತಿದ್ದ ಹಚ್ಚೆಯ ಮೋಹ ಇಂದು ಗಂಗಾವತಿ, ಕೊಪ್ಪಳದಂತಹ ಪಟ್ಟಣಗಳ ಯುವಕರನ್ನೂ ಬಿಟ್ಟಿಲ್ಲ.

ಹಚ್ಚೆಯ ಶಾಯಿಯ ಪರೀಕ್ಷೆಯಲ್ಲಿ ಆರ್ಸೆನಿಕ್, ಕ್ರೋಮಿಯಂ, ಸೆಲೆನಿಯಂ ಸಹಿತ 22 ಲೋಹಗಳು ಪತ್ತೆಯಾಗಿವೆಯೆಂದು ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2025ರಲ್ಲಿ ತಿಳಿಸಿದರು. ಈ ಶಾಯಿಗೆ ಮಾನದಂಡ ರೂಪಿಸುವಂತೆ ಕೇಂದ್ರಕ್ಕೆ ಪತ್ರ ಬರೆಯುವುದಾಗಿಯೂ ಹೇಳಿದರು. ತುಟಿಗೆ ಹಚ್ಚುವ ಬಣ್ಣಕ್ಕೆ ಮಾನದಂಡವಿದ್ದ ದೇಶದಲ್ಲಿ ಚರ್ಮದೊಳಗೆ ಚುಚ್ಚುವ ಬಣ್ಣಕ್ಕೆ ಅಲ್ಲಿಯವರೆಗೂ ಅದು ಇರಲಿಲ್ಲವೆಂಬುದು ಎಂಥ ವಿಪರ್ಯಾಸ! ಯುರೋಪಿಯನ್ ಒಕ್ಕೂಟವು 2022ರ ಜನವರಿಯಿಂದಲೇ ಇಂಥ ಶಾಯಿಗಳಲ್ಲಿನ ಸುಮಾರು 4000 ರಾಸಾಯನಿಕಗಳಿಗೆ ಕಡಿವಾಣ ಹಾಕಿದೆ. ಶಾಯಿಯ ಕಣಗಳು ಚುಚ್ಚಿದ ಜಾಗದಲ್ಲೇ ನಿಲ್ಲುವುದಿಲ್ಲ. ದುಗ್ಧ ಗ್ರಂಥಿಗಳನ್ನು ಸೇರಿ ಅಲ್ಲಿ ಉಳಿಯುತ್ತವೆ. ಸೂಜಿ ಶುದ್ಧವಿಲ್ಲದಿದ್ದರೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿಯ ಭಯ ಬೇರೆ.

ಪ್ರವಾದಿ(ಸ)ರು ಹಚ್ಚೆ ಹಾಕುವವರನ್ನೂ ಹಾಕಿಸಿಕೊಳ್ಳುವವರನ್ನೂ ಶಪಿಸಿರುವರೆಂಬುದು ನಮ್ಮ ಮಕ್ಕಳಿಗೂ ಗೊತ್ತು. ಆದ್ದರಿಂದಲೇ ಇದು ನಮ್ಮ ಮನೆಯ ಸಮಸ್ಯೆಯಲ್ಲವೆಂದು ಅನೇಕ ಹೆತ್ತವರು ನಿಶ್ಚಿಂತರಾಗಿದ್ದಾರೆ. ಆದರೆ ಈದ್‌ನ ಮುನ್ನಾದಿನ, ಮದುವೆಯ ಹಿಂದಿನ ರಾತ್ರಿ ನಮ್ಮ ಹೆಣ್ಣುಮಕ್ಕಳ ಕೈಗೇರುವ ಕರಿ ಮೆಹಂದಿಯನ್ನು ಯಾರು ಪರೀಕ್ಷಿಸುತ್ತಾರೆ?

ಗೋರಂಟಿ ಸೊಪ್ಪು ಕೊಡುವುದು ಕೆಂಪು, ಕಿತ್ತಳೆ, ಕಂದು ಬಣ್ಣಗಳನ್ನು. ಅದೂ ಗಂಟೆಗಟ್ಟಲೆ ಕಾದ ಮೇಲೆ. ಅಲ್ಪ ಸಮಯದಲ್ಲೇ ಕಡುಗಪ್ಪಾಗುವ ಮೆಹಂದಿಗೆ ಸಾಮಾನ್ಯವಾಗಿ ಕೂದಲಿನ ಕಪ್ಪು ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕವನ್ನು ಬೆರೆಸಿರುತ್ತಾರೆ. ಯುರೋಪಿನಲ್ಲಿ ಕೂದಲಿಗೆ ಹಚ್ಚುವಾಗ ಅದು ಶೇ. 2ನ್ನು ಮೀರುವಂತಿಲ್ಲ, ಚರ್ಮಕ್ಕಂತೂ ಹಚ್ಚುವಂತೆಯೇ ಇಲ್ಲ. ಅದರಿಂದ ಬೊಬ್ಬೆಗಳೆದ್ದು ಮೆಹಂದಿಯ ಚಿತ್ತಾರದ ಆಕಾರದಲ್ಲೇ ಕಲೆ ಉಳಿಯಬಹುದು. ಒಮ್ಮೆ ಅಲರ್ಜಿ ಅಂಟಿತೆಂದರೆ ಸಾಮಾನ್ಯವಾಗಿ ಜೀವನಪರ್ಯಂತ ಬಿಡದು. ಮುಂದೆ ಕೂದಲಿಗೆ ಬಣ್ಣ ಹಚ್ಚಿದಾಗ ಮುಖವೇ ಊದಿಕೊಂಡೀತು. ವರನ ಕಡೆಯವರು ಕಪ್ಪು ಬಣ್ಣವೇ ಬೇಕೆಂದರೆಂದು ವಧುವಿನ ಕೈಯನ್ನು ಒಡ್ಡುವುದು ಯಾವ ಸಂಪ್ರದಾಯ? ಜುಮಾ ಪ್ರವಚನಗಳಲ್ಲಿ ಹಚ್ಚೆಯನ್ನು ಖಂಡಿಸುವ ನಮ್ಮ ಖತೀಬರು ಈ ಕೋನ್‌ಗಳ ಬಗ್ಗೆಯೂ ಎರಡು ಮಾತು ಆಡಬೇಕು.

ಈಗಾಗಲೇ ಹಚ್ಚೆ ಹಾಕಿಸಿಕೊಂಡ ಯುವಕರನ್ನು ಮಸೀದಿಯ ಸಾಲಿನಲ್ಲಿ ಹೀಯಾಳಿಸುವುದನ್ನು ನಾವು ಒಪ್ಪುವುದಿಲ್ಲ. ಪಶ್ಚಾತ್ತಾಪದ ಬಾಗಿಲು ತೆರೆದಿದೆ. ಅಳಿಸುವುದರಿಂದ ದೇಹಕ್ಕೆ ಹಾನಿಯಾಗುವುದಾದರೆ ಅದು ಕಡ್ಡಾಯವಲ್ಲವೆಂದು ವಿದ್ವಾಂಸರು ಹೇಳಿದ್ದಾರೆ. ಹಾಗಾಗಿ ಆ್ಯಸಿಡ್ ಸುರಿದು ಸುಟ್ಟುಕೊಳ್ಳುವ ಹುಚ್ಚಿಗೆ ಹೋಗದೆ ಚರ್ಮರೋಗ ತಜ್ಞರನ್ನು ಕಾಣಲಿ, ಹೆಪಟೈಟಿಸ್ ಮತ್ತು ಎಚ್‌ಐವಿಯ ರಕ್ತಪರೀಕ್ಷೆಯನ್ನೂ ಮಾಡಿಸಿಕೊಳ್ಳಲಿ.