ಕೆಲಸ ಬೇಕು, ಕುಟುಂಬ ಬೇಡ ಎನ್ನುವ ವೀಸಾ

ಗಂಡ ಹೆಂಡತಿ ಒಂದೇ ಮನೆಯಲ್ಲಿ ಇರಬೇಕಾದರೆ ಸಂಬಳ ಎಷ್ಟಿರಬೇಕು? ದುಬೈಯಲ್ಲಾದರೆ ತಿಂಗಳಿಗೆ 4,000 ದಿರ್ಹಂ. ಕಂಪನಿಯೇ ಮನೆ ಕೊಟ್ಟಿದ್ದರೆ 3,000 ಸಾಕು. ಕುವೈಟ್ 2024ರ ಜನವರಿಯಲ್ಲಿ ಫ್ಯಾಮಿಲಿ ವೀಸಾ ಮತ್ತೆ ಕೊಡಲು ಶುರು ಮಾಡಿದಾಗ 800 ದಿನಾರ್ ಎಂದಿತು. ಬ್ರಿಟನ್ ತನ್ನ ಸ್ವಂತ ಪ್ರಜೆಗಳಿಗೇ ಹಾಕಿದ ಷರತ್ತು ವರ್ಷಕ್ಕೆ 18,600 ಪೌಂಡ್ ಇದ್ದದ್ದು 2024ರ ಏಪ್ರಿಲ್ 11ರಿಂದ 29,000ಕ್ಕೆ ಏರಿತು. ಅದಕ್ಕೂ ಒಂದು ತಿಂಗಳ ಮೊದಲು, ಅಲ್ಲಿನ ಮುದುಕರ ಆರೈಕೆಗೆ ಹೊಸದಾಗಿ ಹೋಗುವವರು ಗಂಡನನ್ನಾಗಲಿ, ಹೆಂಡತಿ ಮಕ್ಕಳನ್ನಾಗಲಿ ಕರೆದೊಯ್ಯುವಂತೆಯೇ ಇಲ್ಲ ಎಂದಾಗಿತ್ತು. ಇಸ್ರೇಲಿನಲ್ಲಿ ಆರೈಕೆಯ ಕೆಲಸಕ್ಕೆ ಹೋದವರಿಗೆ ಸಂಬಳ ಎಷ್ಟೇ ಇರಲಿ, ಆ ಪ್ರಶ್ನೆಯೇ ಏಳುವುದಿಲ್ಲ.

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆ ಈ ಲೆಕ್ಕಗಳು ಬಾಯಿಪಾಠವಾಗಿರುವ ಮನೆಗಳು ಬೇಕಾದಷ್ಟಿವೆ. ಬ್ಯಾರಿಗಳ ಮನೆ, ಬಿಲ್ಲವರ ಮನೆ, ಬಂಟರ ಮನೆ, ಕ್ರೈಸ್ತರ ಮನೆ ಎಂಬ ಭೇದ ಇದಕ್ಕಿಲ್ಲ. ಹುಡುಗ ಒಂದು ತಿಂಗಳ ರಜೆಯಲ್ಲಿ ಬರುತ್ತಾನೆ. ಮದುವೆ, ನೆಂಟರ ಮನೆಗಳ ಊಟ ಎಲ್ಲ ಮುಗಿಯುವಾಗ ರಜೆಯಲ್ಲಿ ಉಳಿಯುವುದು ಒಂದು ವಾರ. ಆ ವಾರವೂ ಸಬ್ ರಿಜಿಸ್ಟ್ರಾರ್ ಕಚೇರಿಯ ಓಡಾಟಕ್ಕೆ ಹೋಗುತ್ತದೆ, ಏಕೆಂದರೆ ಸರ್ಟಿಫಿಕೇಟ್ ಇಲ್ಲದೆ ವೀಸಾದ ಮಾತೇ ಇಲ್ಲ. ಆಮೇಲೆ ಅವನು ಬಜ್ಪೆಯಿಂದ ವಿಮಾನ ಹತ್ತುತ್ತಾನೆ. ಅವಳು ಇನ್ನೂ ಸರಿಯಾಗಿ ಪರಿಚಯವಾಗದ ಅತ್ತೆ ಮಾವಂದಿರ ಜೊತೆ ಉಳಿಯುತ್ತಾಳೆ. ಯಾವ ಮದುವೆಗೆ ಹೋದರೂ, ಯಾವ ನೇಮಕ್ಕೆ ಹೋದರೂ ಅವಳಿಗೆ ಎದುರಾಗುವ ಪ್ರಶ್ನೆ ಒಂದೇ: “ಪೇಪರ್ ಆಯ್ತಾ?” ಮೊದಲ ವರ್ಷ ಅದು ಕುತೂಹಲದ ಪ್ರಶ್ನೆ. ಮೂರನೇ ವರ್ಷ ಅದೇ ಪ್ರಶ್ನೆಯಲ್ಲಿ ಅನುಮಾನ ಸೇರಿಕೊಳ್ಳುತ್ತದೆ. ಇವಳಲ್ಲೇ ಏನೋ ಕೊರತೆ ಇರಬೇಕು, ಅವನಿಗೇ ಮನಸ್ಸಿಲ್ಲದಿರಬೇಕು ಎಂಬ ಪಿಸುಮಾತು ಹುಟ್ಟಿಕೊಳ್ಳುತ್ತದೆ. ಅವನ ಸಂಬಳ ಐನೂರು ದಿರ್ಹಂ ಕಡಿಮೆ ಇದೆ ಎಂದು ಊರವರೆದುರು ಹೇಳಲು ಅವಳಿಗೆ ಬಾಯಿ ಬರುವುದಿಲ್ಲ. ಅದು ಗಂಡನ ಮರ್ಯಾದೆಯ ಪ್ರಶ್ನೆ.

ಇವರು ಪ್ರತಿದಿನ ಮಾತಾಡುವುದೂ ಸುಲಭವಿಲ್ಲ. ದುಬೈ, ಅಬುಧಾಬಿಗಳಲ್ಲಿ ವಾಟ್ಸ್ಯಾಪ್ ಕರೆಗೆ ಅನುಮತಿಯಿಲ್ಲದ್ದರಿಂದ ಬೋಟಿಮ್ ಎಂಬ ಆ್ಯಪ್ ನಮ್ಮ ಹಳ್ಳಿಯ ಅಜ್ಜಿಯಂದಿರಿಗೂ ಗೊತ್ತು. ಚಾರ್ಮಾಡಿ ಘಾಟಿಯ ಬುಡದ ಊರುಗಳಲ್ಲಿ ನೆಟ್‌ವರ್ಕ್ ಸಿಗುವುದು ತೋಟದ ಯಾವುದೋ ಮೂಲೆಯಲ್ಲಿ, ಇಲ್ಲವೇ ಗುಡ್ಡದ ನೆತ್ತಿಯಲ್ಲಿ. ರಾತ್ರಿ ಪಾಳಿ ಮುಗಿಸಿದ ಗಂಡನ ಕರೆಗಾಗಿ ಮಳೆಗಾಲದಲ್ಲಿ ಕೊಡೆ ಹಿಡಿದು ಅಡಿಕೆ ತೋಟದಲ್ಲಿ ನಿಲ್ಲುವ ಹೆಂಗಸಿಗೆ ಆ ಹತ್ತು ನಿಮಿಷವೇ ದಾಂಪತ್ಯ.

ಬ್ರಿಟನ್, ಅಮೆರಿಕದಲ್ಲಿ ನೆಲೆಸಿದವರನ್ನು ಮದುವೆಯಾದವರ ಪಾಡು ಬೇರೆ. ಅವರು ತಮ್ಮ ಮದುವೆ ನಿಜವೆಂದು ಸಾಬೀತು ಮಾಡಬೇಕು. ಮದುವೆಯ ಫೋಟೋ, ಕರೆಗಳ ದಾಖಲೆ, ಹಣ ಕಳಿಸಿದ ರಸೀದಿ, ಒಟ್ಟಿಗೆ ಪ್ರಯಾಣ ಮಾಡಿದ ಟಿಕೆಟ್. ಮದುವೆಗೆ ಮುಂಚೆ ಎಷ್ಟು ಕಾಲದ ಪರಿಚಯ, ಎಲ್ಲಿ ಭೇಟಿ, ಯಾರು ಮೊದಲು ಪ್ರಸ್ತಾಪ ಮಾಡಿದ್ದು ಎಂಬ ಪ್ರಶ್ನೆಗಳು. ಚಿಕ್ಕಮ್ಮ ತಂದ ಸಂಬಂಧ, ಹಿರಿಯರು ಮಾತಾಡಿದರು, ಜಾತಕ ಕೂಡಿತು, ಎರಡು ವಾರದಲ್ಲಿ ಮದುವೆಯಾಯಿತು ಎಂಬ ನೇರ ಉತ್ತರ ಅಲ್ಲಿನ ಅಧಿಕಾರಿಗೆ ಸಂಶಯಾಸ್ಪದವಾಗಿ ಕಾಣಬಹುದು. ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದಿರುವ ಸಾಮೂಹಿಕ ವಿವಾಹದಲ್ಲಿ ಈವರೆಗೆ 12,000ಕ್ಕೂ ಹೆಚ್ಚು ಜೋಡಿಗಳು ವರದಕ್ಷಿಣೆಯಿಲ್ಲದೆ ಮದುವೆಯಾಗಿದ್ದಾರೆ. ಸಾವಿರಾರು ಜನ ಕಣ್ಣಾರೆ ಕಂಡು ಅಕ್ಷತೆ ಹಾಕಿದ ಮದುವೆಗಿಂತ ದೊಡ್ಡ ಸಾಕ್ಷ್ಯ ನಮಗೆ ಗೊತ್ತಿಲ್ಲ. ಆದರೆ ಹಾಗೆ ಮದುವೆಯಾದ ಜೋಡಿಯೂ ಒಂದು ದಿನ ವೀಸಾ ಕೌಂಟರಿನ ಮುಂದೆ ನಿಂತರೆ ಫೋನ್ ಕರೆಗಳ ಪಟ್ಟಿಯನ್ನೇ ಕೊಡಬೇಕು.

ಈ ಮಾತು ತೆಗೆದ ಕೂಡಲೇ ಬರುವ ಉತ್ತರ ನನಗೆ ಗೊತ್ತು. ಯಾರನ್ನು ಒಳಗೆ ಬಿಡಬೇಕು ಎನ್ನುವುದು ಆಯಾ ದೇಶದ ಸಾರ್ವಭೌಮ ಹಕ್ಕು, ಭಾರತ ಅದರಲ್ಲಿ ಏನು ಮಾಡೀತು ಎನ್ನುತ್ತಾರೆ. ಗೊತ್ತಿದ್ದೇ ಹೋದವನಲ್ಲವೇ, ಈಗ ಅತ್ತರೆ ಏನು ಬಂತು ಎಂದೂ ಕೇಳುತ್ತಾರೆ. ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದಕ್ಕೂ ನೋವಾಗುತ್ತದೆ. ಮನೆಯ ಸಾಲ, ತಂಗಿಯ ಮದುವೆ, ಅಡಿಕೆಯ ಹಳದಿರೋಗ, ಊರಲ್ಲಿ ಕೆಲಸವಿಲ್ಲದ ಡಿಗ್ರಿ ಇವೆಲ್ಲ ಸೇರಿ ವಿಮಾನ ಹತ್ತಿಸಿದ ಮನುಷ್ಯನಿಗೆ ಆಯ್ಕೆಯ ಸ್ವಾತಂತ್ರ್ಯದ ಪಾಠ ಹೇಳುವುದು ಅನ್ಯಾಯ.

ಮೊದಲನೆಯದು ಅರ್ಧಸತ್ಯ. ಭಾರತ ಬಾಯಿ ಬಿಟ್ಟಾಗ ಏನಾಗುತ್ತದೆ ಎನ್ನುವುದಕ್ಕೆ ದಾಖಲೆಯಿದೆ. 2025ರ ಜುಲೈ 24ರಂದು ಬ್ರಿಟನ್ ಜೊತೆ ಸಹಿಯಾದ ವ್ಯಾಪಾರ ಒಪ್ಪಂದದಲ್ಲಿ, ಕಂಪನಿಗಳು ತಮ್ಮದೇ ಶಾಖೆಗೆ ವರ್ಗ ಮಾಡಿ ಕಳಿಸುವ ಅಧಿಕಾರಿಗಳ ಸಂಗಾತಿಗೂ ಮಕ್ಕಳಿಗೂ ಪ್ರವೇಶವಿದೆ, ದುಡಿಯುವ ಹಕ್ಕೂ ಇದೆ. ನಮ್ಮ ಸಂಧಾನಕಾರರು ಕೇಳಿದರು, ಬ್ರಿಟನ್ ಕೊಟ್ಟಿತು. ಅಲ್ಲಿನ ವೃದ್ಧಾಶ್ರಮದಲ್ಲಿ ಹಾಸಿಗೆ ಬದಲಿಸುವ, ಮುದುಕರಿಗೆ ಸ್ನಾನ ಮಾಡಿಸುವ ನಮ್ಮ ಹೆಣ್ಣುಮಗಳ ಗಂಡನಿಗೆ ಮಾತ್ರ ಈಗಲೂ ಬಾಗಿಲು ಮುಚ್ಚಿದೆ.

ಅಮೆರಿಕದ ವಿಷಯದಲ್ಲೂ ಹಾಗೆಯೇ. 2025ರ ಡಿಸೆಂಬರ್ 15ರಿಂದ ಕೆಲಸದ ಎಚ್-1ಬಿ ಮತ್ತು ಕುಟುಂಬದವರ ಎಚ್-4 ವೀಸಾ ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳನ್ನು ಜಾಲಾಡುವ ನಿಯಮ ಬಂತು. ಭಾರತದಲ್ಲಿ ನಿಗದಿಯಾಗಿದ್ದ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು. ರಜೆಗೆಂದು ಊರಿಗೆ ಬಂದ ಎಂಜಿನಿಯರುಗಳು ಇಲ್ಲೇ ಸಿಕ್ಕಿಬಿದ್ದರು, ಸಂಸಾರಗಳು ಎರಡು ಖಂಡಗಳಲ್ಲಿ ಹಂಚಿಹೋದವು. ಆಗ ವಿದೇಶಾಂಗ ಸಚಿವಾಲಯ ಅಮೆರಿಕದ ಎದುರು ಈ ವಿಷಯ ಎತ್ತಿತು. ಎತ್ತಿದ್ದು ಸರಿ; ಆ ಕುಟುಂಬಗಳ ಸಂಕಟವೂ ಸಣ್ಣದಲ್ಲ. ನನ್ನ ತಕರಾರು ಇಷ್ಟೇ: ಎಂಜಿನಿಯರಿನ ಸಂಸಾರಕ್ಕೆ ತೆರೆಯುವ ದೆಹಲಿಯ ಬಾಯಿ ಡ್ರೈವರಿನ ಸಂಸಾರಕ್ಕೆ ಏಕೆ ತೆರೆಯುವುದಿಲ್ಲ?

ಇಸ್ರೇಲ್ ಈ ಕರಾವಳಿಗೆ ದೂರದ ದೇಶವಲ್ಲ. 2023ರ ಅಕ್ಟೋಬರಿನಲ್ಲಿ ಅಲ್ಲಿ ಯುದ್ಧ ಶುರುವಾದಾಗ ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ಮನೆಗಳಲ್ಲಿ ನಿದ್ದೆ ಇರಲಿಲ್ಲ. ಅಲ್ಲಿ ಆರೈಕೆಯ ಕೆಲಸದಲ್ಲಿ ನಮ್ಮವರಿದ್ದಾರೆ. ಅಲ್ಲಿನ ಸಾಮಾನ್ಯ ವೀಸಾದ ಅವಧಿ ಐದು ವರ್ಷ ಮೂರು ತಿಂಗಳು, ಆರೈಕೆಯ ಕೆಲಸದವರಿಗೆ ಅದನ್ನು ವಿಸ್ತರಿಸುವುದೂ ಉಂಟು. ಅಷ್ಟೂ ಕಾಲ ಗಂಡ ಅಥವಾ ಹೆಂಡತಿ ಜೊತೆಗಿರುವಂತಿಲ್ಲ. ಅದೇ 2023ರ ಮೇ ತಿಂಗಳಲ್ಲಿ ಇಸ್ರೇಲಿನ ವಿದೇಶಾಂಗ ಸಚಿವರು ಇಲ್ಲಿಗೆ ಬಂದಾಗ 42,000 ಭಾರತೀಯ ಕೆಲಸಗಾರರನ್ನು ಕರೆಸಿಕೊಳ್ಳುವ ಒಪ್ಪಂದಕ್ಕೆ ಸಹಿಯಾಯಿತು: ಕಟ್ಟಡ ಕೆಲಸಕ್ಕೆ 34,000, ಆರೈಕೆಗೆ 8,000. ಇಸ್ರೇಲಿಗೆ ಈ ಕೈಗಳು ತುರ್ತಾಗಿ ಬೇಕಾಗಿದ್ದವು. ಷರತ್ತು ಹಾಕಲು ಅದಕ್ಕಿಂತ ಒಳ್ಳೆಯ ಗಳಿಗೆ ಯಾವುದಿತ್ತು? ಹುಟ್ಟಿದ ಮಗು ಐದು ವರ್ಷದಲ್ಲಿ ಶಾಲೆಗೆ ಸೇರುವಷ್ಟಾಗುತ್ತದೆ. ಅಷ್ಟು ಕಾಲ ಅಪ್ಪನನ್ನೋ ಅಮ್ಮನನ್ನೋ ಪರದೆಯ ಮೇಲೆ ಮಾತ್ರ ನೋಡಿದ ಮಕ್ಕಳು ನಮ್ಮ ಊರುಗಳಲ್ಲಿದ್ದಾರೆ.

2024-25ರಲ್ಲಿ ವಿದೇಶದಲ್ಲಿರುವ ಭಾರತೀಯರು ಮನೆಗೆ ಕಳಿಸಿದ ಹಣ 135 ಶತಕೋಟಿ ಡಾಲರ್ ದಾಟಿತು. ರಿಸರ್ವ್ ಬ್ಯಾಂಕಿನ ಸಮೀಕ್ಷೆ ಪ್ರಕಾರ ಅದರ ಹಿಂದಿನ ವರ್ಷ ಬಂದದ್ದರಲ್ಲಿ ಕರ್ನಾಟಕದ ಪಾಲು ಶೇಕಡ 7.7. ಪ್ರವಾಸಿ ಭಾರತೀಯ ದಿವಸದ ವೇದಿಕೆಯಲ್ಲಿ ಈ ಹಣಕ್ಕೆ ಚಪ್ಪಾಳೆ ಸಿಗುತ್ತದೆ. ಈ ಹಣ ಕಳಿಸುವವರಲ್ಲಿ ಎಷ್ಟೋ ಮಂದಿ ಬ್ಯಾಚುಲರ್ ರೂಮಿನ ಮೇಲಿನ ಮಂಚದಲ್ಲಿ ಮಲಗುವ ವಿವಾಹಿತರು ಎಂಬುದನ್ನು ಆ ವೇದಿಕೆಯಲ್ಲಿ ಯಾರೂ ಹೇಳುವುದಿಲ್ಲ. ವಲಸೆ ಕಾರ್ಮಿಕರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 1990ರ ಒಡಂಬಡಿಕೆಯ 44ನೆಯ ವಿಧಿ ಕುಟುಂಬ ಒಂದಾಗಲು ನೆರವಾಗಬೇಕೆನ್ನುತ್ತದೆ. ಕೊಲ್ಲಿ ದೇಶಗಳು ಅದಕ್ಕೆ ಸೇರಿಲ್ಲ. ಇಷ್ಟು ಜನರನ್ನು ಹೊರಗೆ ಕಳಿಸುವ ಭಾರತವೂ ಸೇರಿಲ್ಲ. ನಾವೇ ಒಪ್ಪದ ಮಾತನ್ನು ಇನ್ನೊಬ್ಬರ ಮುಂದೆ ಯಾವ ಬಾಯಿಂದ ಕೇಳುವುದು?

ನಮ್ಮ ದೇಶವೂ ಇನ್ನೊಬ್ಬರ ಸಂಗಾತಿಯನ್ನು ಕಾಯಿಸುತ್ತದೆ, ಅದನ್ನೂ ಹೇಳಬೇಕು. ವಿದೇಶದ ಹುಡುಗನನ್ನೋ ಹುಡುಗಿಯನ್ನೋ ಮೆಚ್ಚಿದವರು 1954ರ ವಿಶೇಷ ವಿವಾಹ ಕಾಯ್ದೆಯಡಿ ಇಲ್ಲಿ ಮದುವೆಯಾಗಬೇಕಾದರೆ, ಇಬ್ಬರಲ್ಲೊಬ್ಬರು 30 ದಿನ ಆ ಜಿಲ್ಲೆಯಲ್ಲಿ ನೆಲೆಸಿರಬೇಕು, ನೋಟಿಸು ಅಂಟಿಸಿದ ಮೇಲೆ ಮತ್ತೆ 30 ದಿನ ಕಾಯಬೇಕು. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಆ ಕಾಯುವಿಕೆಯಲ್ಲೇ ದಿನಗಳು ತೀರಿಹೋಗುತ್ತವೆ. ಮದುವೆಯಾಗಿ ಎರಡು ವರ್ಷ ತುಂಬುವ ತನಕ ವಿದೇಶಿ ಸಂಗಾತಿ ಸಾಗರೋತ್ತರ ಭಾರತೀಯ ಕಾರ್ಡಿಗೆ ಅರ್ಜಿ ಹಾಕುವಂತಿಲ್ಲ. ಈ ನೋಟಿಸಿನ ನಿಯಮ ಹೋಗಬೇಕು.

ಮುದ್ರೆಗಳ ಕತೆಯೂ ಇದೆ. ಎಮಿರೇಟ್ಸ್‌ಗೆ ಹೋಗುವ ಮದುವೆ ಸರ್ಟಿಫಿಕೇಟಿಗೆ ಬೆಂಗಳೂರಿನಲ್ಲಿ ಗೃಹ ಇಲಾಖೆಯ ಮುದ್ರೆ, ಆಮೇಲೆ ವಿದೇಶಾಂಗ ಸಚಿವಾಲಯದ್ದು, ಆಮೇಲೆ ಆ ದೇಶದ ರಾಯಭಾರ ಕಚೇರಿಯದ್ದು ಬೇಕು. ಬೆಳ್ತಂಗಡಿಯ ಹೆಂಗಸು ಇದನ್ನೆಲ್ಲ ಏಜೆಂಟರ ಕೈಗೆ ಕೊಟ್ಟು ಅವರು ಹೇಳಿದಷ್ಟು ದುಡ್ಡು ಎಣಿಸುತ್ತಾಳೆ. ಪಕ್ಕದ ಕೇರಳ 1996ರಲ್ಲೇ ಹೊರನಾಡಿನವರಿಗಾಗಿ ನೋರ್ಕಾ ಇಲಾಖೆ ತೆರೆಯಿತು, ಕೋಝಿಕ್ಕೋಡಿನಲ್ಲೇ ದೃಢೀಕರಣ ಕೇಂದ್ರವಿದೆ. ನಮ್ಮಲ್ಲಿ ಅನಿವಾಸಿ ಭಾರತೀಯ ಸಮಿತಿ ಬೆಂಗಳೂರಿನಲ್ಲಿದೆ, ಘಾಟಿಯ ಆಚೆ. ಮಂಗಳೂರಿನಲ್ಲಿ ಇಂಥದ್ದೊಂದು ಕೇಂದ್ರ ತೆರೆಯಲು ರಾಜ್ಯ ಸರ್ಕಾರಕ್ಕೆ ಯಾವ ವಿದೇಶದ ಒಪ್ಪಿಗೆಯೂ ಬೇಡ.

ದೆಹಲಿಯ ಮುಂದೆ ಈಗ ಒಂದು ಅವಕಾಶವಿದೆ. 1983ರ ವಲಸೆ ಕಾಯ್ದೆಯ ಬದಲಿಗೆ ಹೊಸ ಕಾನೂನು ತರಲು ವಿದೇಶಾಂಗ ಸಚಿವಾಲಯ 2025ರ ಅಕ್ಟೋಬರಿನಲ್ಲಿ ಕರಡು ಮಸೂದೆಯನ್ನು ಜನರ ಮುಂದಿಟ್ಟಿತು. ಭಾರತ ಸಹಿ ಹಾಕುವ ಪ್ರತಿಯೊಂದು ಕಾರ್ಮಿಕ ಒಪ್ಪಂದದಲ್ಲೂ ಸಂಗಾತಿ ಜೊತೆಗಿರುವ ಅಥವಾ ಕನಿಷ್ಠ ವರ್ಷಕ್ಕೊಮ್ಮೆ ಬಂದು ಕೆಲವು ತಿಂಗಳು ಇರುವ ಹಕ್ಕಿನ ಬಗ್ಗೆ ಮಾತುಕತೆ ನಡೆಯಲೇಬೇಕು, ನಡೆದದ್ದನ್ನು ಸಂಸತ್ತಿಗೆ ತಿಳಿಸಲೇಬೇಕು ಎಂಬ ಒಂದು ಕಲಮನ್ನು ಆ ಕಾನೂನಿನಲ್ಲಿ ಬರೆಯಬೇಕು. ಎದುರಿನ ದೇಶ ಒಪ್ಪದೆ ಹೋಗಬಹುದು. ಆದರೆ ಕೇಳದೆಯೇ ಬಿಟ್ಟುಕೊಡುವುದು ಇಲ್ಲಿಗೆ ನಿಲ್ಲಬೇಕು.

ಕರಾವಳಿಯ ಸಂಸದರು ಪಕ್ಷ ಯಾವುದೇ ಇರಲಿ, ಈ ಕಲಮಿನ ಪರವಾಗಿ ಲೋಕಸಭೆಯಲ್ಲಿ ಎದ್ದು ನಿಲ್ಲಬೇಕು. ಮನೆಯಲ್ಲಿ ಹೀಗೆ ಕಾಯುತ್ತಿರುವ ಮಗಳೋ ಸೊಸೆಯೋ ಇದ್ದರೆ, ನೀವೇ ನಿಮ್ಮ ಸಂಸದರಿಗೊಂದು ಪತ್ರ ಬರೆಯಿರಿ. ಎಷ್ಟು ವರ್ಷದಿಂದ ಕಾಯುತ್ತಿದ್ದಾಳೆ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ.