ಟಿಪ್ಪು: ವಕಾಲತ್ತು ಸಾಕು, ಇತಿಹಾಸ ಬೇಕು

ಜಯನಗರದ ನಮ್ಮ ಬಡಾವಣೆಯ ಉದ್ಯಾನದಲ್ಲಿ ಬೆಳಗಿನ ನಡಿಗೆಗೆ ಸೇರುವ ನಾವು ಏಳೆಂಟು ಮಂದಿ ನಿವೃತ್ತರು. ನಮ್ಮಲ್ಲಿ ಇಬ್ಬರು ಕೆಲವು ತಿಂಗಳುಗಳಿಂದ ಪರಸ್ಪರ ಮಾತನಾಡುತ್ತಿಲ್ಲ. ಕಾರಣ ಆಸ್ತಿಯಲ್ಲ, ಸಾಲವಲ್ಲ. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಮಡಿದ ಟಿಪ್ಪು ಸುಲ್ತಾನ್. ಒಬ್ಬರು ಮೊಬೈಲಿಗೆ ಬಂದ ವಿಡಿಯೊ ಒಂದನ್ನು ತೋರಿಸಿದರು. ಇನ್ನೊಬ್ಬರು ಅದಕ್ಕುತ್ತರವಾಗಿ ಮತ್ತೊಂದನ್ನು ತೋರಿಸಿದರು. ನಲವತ್ತು ವರ್ಷಗಳ ಸ್ನೇಹ ಅಲ್ಲಿಗೆ ಮುಗಿಯಿತು.

ಈ ಜಗಳ ಹೊಸದಲ್ಲ. 2006ರಲ್ಲಿ ಉನ್ನತ ಶಿಕ್ಷಣ ಸಚಿವರಾಗಿದ್ದ ಡಿ.ಎಚ್. ಶಂಕರಮೂರ್ತಿಯವರು ಟಿಪ್ಪುವನ್ನು ಕನ್ನಡ ವಿರೋಧಿ ಎಂದಾಗ ಗಿರೀಶ ಕಾರ್ನಾಡ್ ಮತ್ತು ಎಸ್.ಎಲ್. ಭೈರಪ್ಪ ಎದುರುಬದುರಾದರು. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಆರಂಭಿಸಿದಾಗ ಮಡಿಕೇರಿಯಲ್ಲಿ ಜೀವಹಾನಿಯಾಯಿತು. 2019ರಲ್ಲಿ ಇನ್ನೊಂದು ಸರ್ಕಾರ ಜಯಂತಿಯನ್ನು ರದ್ದುಪಡಿಸಿತು. ಸರ್ಕಾರ ಬದಲಾದಂತೆ ಇತಿಹಾಸವೂ ಬದಲಾಗುವುದಾದರೆ ನಮ್ಮ ಮಕ್ಕಳು ನಂಬಬೇಕಾದುದು ಯಾವುದನ್ನು?

ದಾಖಲೆಗಳು ಏನು ಹೇಳುತ್ತವೆ? 1784ರಲ್ಲಿ ಮಂಗಳೂರು ಸೀಮೆಯ ಕ್ಯಾಥೊಲಿಕರನ್ನು ಟಿಪ್ಪು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಉಳಿದವರಿಗೆ ಪೂರ್ಣ ಬಿಡುಗಡೆ ದೊರೆತದ್ದು ಅವನ ಪತನದ ನಂತರವೇ. ಕೊಡವರಿಗೂ ಇಂಥದೇ ಗತಿಯಾಯಿತು. ಬಲವಂತದ ಮತಾಂತರಗಳೂ ನಡೆದವು. ಇನ್ನೊಂದು ಕಡೆ, 1791ರಲ್ಲಿ ಮರಾಠರ ಸೇನೆಯವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಪುನರುದ್ಧಾರಕ್ಕೆ ನೆರವು ಕಳುಹಿಸಿದವನೂ ಇದೇ ಟಿಪ್ಪು. ಅವನು ಮಠಕ್ಕೆ ಬರೆಸಿದ ಕನ್ನಡ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರು. ಒಂದು ಸತ್ಯ ಇನ್ನೊಂದನ್ನು ಅಳಿಸುವುದಿಲ್ಲ. ಶೃಂಗೇರಿಯ ರಸೀದಿ ತೋರಿಸಿ ಮಂಗಳೂರಿನ ಬಾಕಿಯನ್ನು ವಜಾ ಮಾಡಲು ಬರುವುದಿಲ್ಲ. ಮಂಗಳೂರಿನ ಕಡತ ತೋರಿಸಿ ಶೃಂಗೇರಿಯ ಪತ್ರಗಳನ್ನು ಹರಿಯಲೂ ಬರುವುದಿಲ್ಲ.

ಸಂಖ್ಯೆಗಳ ವಿಷಯದಲ್ಲಿ ನನ್ನ ಸೇವಾನುಭವವನ್ನು ಹೇಳುವೆ. ನೆರೆ ಪರಿಹಾರದ ಕಡತದಲ್ಲಿ ಸಂತ್ರಸ್ತರ ಸಂಖ್ಯೆ ಬರೆಯುವವನ ಹಿತಾಸಕ್ತಿಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಮಂಗಳೂರಿನ ಸೆರೆಯಾಳುಗಳ ಲೆಕ್ಕ ಬೇರೆ ಬೇರೆ ಬರಹಗಳಲ್ಲಿ 30 ಸಾವಿರದಿಂದ 70 ಸಾವಿರದವರೆಗೆ ಓಡಾಡುತ್ತದೆ. ಟಿಪ್ಪುವನ್ನು ಕ್ರೂರಿಯೆಂದು ತೋರಿಸುವುದು ಕಂಪನಿಯ ಅಧಿಕಾರಿಗಳಿಗೆ ಬೇಕಿತ್ತು. ಶತ್ರುಗಳನ್ನು ಸಾವಿರಗಟ್ಟಲೆ ಅಡಗಿಸಿದೆನೆಂದು ಮೆರೆಯುವುದು ಆಸ್ಥಾನಕ್ಕೂ ಬೇಕಿತ್ತು. ಅಂಕಿ ಅನಿಶ್ಚಿತವೆಂದ ಮಾತ್ರಕ್ಕೆ ಸಂಕಟ ಸುಳ್ಳಾಗದು. ಅವರು ಇಂಗ್ಲಿಷರಿಗೆ ನೆರವಾದರೆಂಬ ಶಂಕೆ ಕಾರಣವನ್ನು ತಿಳಿಸುತ್ತದೆ. ಆದರೆ ಮಕ್ಕಳು, ಹೆಂಗಸರು, ಮುದುಕರನ್ನು ಒಂದು ಮತಕ್ಕೆ ಸೇರಿದವರೆಂದು ಸೆರೆಗೆ ಅಟ್ಟಿದ್ದಕ್ಕೆ ಅದು ಸಮರ್ಥನೆಯಾಗದು.

ಮತಪೀಡನೆ ಒಂದೇ ಧರ್ಮದವರ ಗುತ್ತಿಗೆಯೂ ಅಲ್ಲ. ಜೈನರಿಗೂ ವೈಷ್ಣವರಿಗೂ ಕಲಹವಾದಾಗ ಜೈನರು ಬುಕ್ಕರಾಯನಲ್ಲಿ ಮೊರೆಯಿಟ್ಟದ್ದನ್ನು, ಅವನು ರಾಜಿ ಮಾಡಿಸಿದ್ದನ್ನು ಶ್ರವಣಬೆಳಗೊಳದ 1368ರ ಶಾಸನ ದಾಖಲಿಸಿದೆ. ತಪ್ಪು ನಡೆದಿತ್ತೆಂದು ಕಲ್ಲಿನ ಮೇಲೆ ಕೆತ್ತಿಸಲು ಆ ಕಾಲದವರು ಅಂಜಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇಲ್ಲಿ ಕಾಣುವುದು ಒಂದು ಮಾರುಕಟ್ಟೆ. ಬೇಡಿಕೆ ಇದ್ದಲ್ಲಿ ಸರಕು ತಯಾರಾಗುತ್ತದೆ. 2023ರ ಮಾರ್ಚಿನಲ್ಲಿ, ವಿಧಾನಸಭಾ ಚುನಾವಣೆಯ ಹೊಸ್ತಿಲಲ್ಲಿ, ಟಿಪ್ಪುವನ್ನು ಕೊಂದವರೆನ್ನಲಾದ ಉರಿಗೌಡ, ನಂಜೇಗೌಡರ ಹೆಸರು ಮಂಡ್ಯದ ಸ್ವಾಗತ ಕಮಾನನ್ನೇರಿತು; ಚಲನಚಿತ್ರವೂ ಘೋಷಣೆಯಾಯಿತು. ಆದಿಚುಂಚನಗಿರಿಯ ಸ್ವಾಮೀಜಿಯವರು ಆಕ್ಷೇಪಿಸಿದ ಮೇಲಷ್ಟೇ ಚಿತ್ರ ನಿಂತಿತು. ಇದಕ್ಕೆ ಪ್ರತಿಯಾಗಿ, ಟಿಪ್ಪುವಿನ ಯಾವ ತಪ್ಪನ್ನೂ ಒಪ್ಪದ ಸ್ತುತಿಪಾಠಕರಿಗೂ ಕೊರತೆಯಿಲ್ಲ. ಎರಡೂ ಅಂಗಡಿಗಳ ವ್ಯಾಪಾರದಲ್ಲಿ ನಷ್ಟವಾಗುವುದು ನಿಜವಾಗಿ ನೊಂದವರಿಗೆ. ಅತಿಶಯೋಕ್ತಿಯಿಂದ ಬೇಸತ್ತ ಓದುಗ ಕೊನೆಗೆ ನಿಜವಾದ ಯಾತನೆಯನ್ನೂ ನಂಬದಂತಾಗುತ್ತಾನೆ. ನನ್ನಲ್ಲಿಯೇ ಈ ಬೇಸರ ಬೆಳೆಯುತ್ತಿರುವುದನ್ನು ಕಂಡು ನನಗೆ ಭಯವಾಗಿದೆ.

ಬೆಂಗಳೂರಿನ ಕೋಟೆ ಪ್ರದೇಶದಲ್ಲಿ ಟಿಪ್ಪುವಿನ ಅರಮನೆಯೂ ಕೋಟೆ ವೆಂಕಟರಮಣ ದೇವಾಲಯವೂ ಅಕ್ಕಪಕ್ಕದಲ್ಲಿಯೇ ನಿಂತಿವೆ. ನನ್ನ ಮಿತ್ರರಿಬ್ಬರನ್ನೂ ಒಂದು ಭಾನುವಾರ ಅಲ್ಲಿಗೆ ಕರೆದಿದ್ದೇನೆ. ಮೊಬೈಲುಗಳನ್ನು ಮನೆಯಲ್ಲಿಯೇ ಬಿಟ್ಟು ಬರಬೇಕೆಂಬುದೊಂದೇ ಷರತ್ತು. ಇಬ್ಬರೂ ಇನ್ನೂ ಒಪ್ಪಿಲ್ಲ.