ಸ್ವಂತ ರೇಡಿಯೋವಿಗೆ ಶ್ರುತಿ ಸೇರಿಸುವ ವಿಚಾರ

ತನ್ನ ಕೈಯಿಂದಲೇ ರೇಡಿಯೋ ಕಟ್ಟಿದ ವಿದ್ಯಾರ್ಥಿಯು ನಮ್ಮಲ್ಲಿಗೆ ಹೊತ್ತು ತರುವ ದೂರು ಬಹುಮಟ್ಟಿಗೆ ಒಂದೇ ತೆರನಾದುದು. ಹತ್ತಿರದ ನಿಲಯವೊಂದು ಗಟ್ಟಿಯಾಗಿ ಕೇಳಿಸುತ್ತದೆ. ಮಿಕ್ಕದ್ದೆಲ್ಲ ಬರಿಯ ಕರಕರ ಶಬ್ದ. ಟ್ರಾನ್ಸಿಸ್ಟರು ಕೆಟ್ಟಿರಬೇಕೆಂದು ಅವನು ಅದನ್ನು ಎರಡು ಬಾರಿ ಬದಲಾಯಿಸಿಯೂ ಇರುತ್ತಾನೆ. ಟ್ರಾನ್ಸಿಸ್ಟರಿನಲ್ಲಿ ದೋಷವಿಲ್ಲ, ಬೆಸುಗೆಯಲ್ಲಿಯೂ ಇಲ್ಲ. ತಂಬೂರಿಗೆ ನಾಲ್ಕು ತಂತಿ ಬಿಗಿದ ಮಾತ್ರಕ್ಕೆ ಅದು ಹಾಡಿಗೆ ಒದಗುವುದಿಲ್ಲವಷ್ಟೆ? ರೇಡಿಯೋವಿನ ಸುರುಳಿಗಳಿಗೂ ಶ್ರುತಿ ಸೇರಿಸಬೇಕು. ಈ ಕೆಲಸವನ್ನು ನಮ್ಮ ಕಾಲೇಜುಗಳಲ್ಲಿ ರಿಪೇರಿ ಅಂಗಡಿಯವನ ಕಸಬೆಂದು ತಳ್ಳಿಬಿಡುವ ರೂಢಿಯಿದೆ. ಅದು ತಪ್ಪೆಂದೂ, ಅನುನಾದವನ್ನು ಕಲಿಸಲು ಇದಕ್ಕಿಂತ ಉತ್ತಮವಾದ ಪ್ರಯೋಗವು ನಮ್ಮ ಪ್ರಯೋಗಶಾಲೆಯಲ್ಲಿ ಇಲ್ಲವೆಂದೂ ನಾವು ಹೇಳಬಯಸುತ್ತೇವೆ.

1918ರಲ್ಲಿ ಆರ್ಮ್‌ಸ್ಟ್ರಾಂಗ್ ಎಂಬ ಅಮೆರಿಕದ ಎಂಜಿನಿಯರು ರೂಪಿಸಿದ ಸೂಪರ್‌ಹೆಟರೊಡೈನ್ ಪದ್ಧತಿಯಲ್ಲಿ, ಬರುವ ಸಂಜ್ಞೆ ಯಾವುದೇ ಇರಲಿ, ಅದನ್ನು ಒಂದೇ ಮಧ್ಯಂತರ ಆವೃತ್ತಿಗೆ ಇಳಿಸಿ ವರ್ಧಿಸಲಾಗುತ್ತದೆ. ಆ ಆವೃತ್ತಿಯು ಸಾಮಾನ್ಯವಾಗಿ 455 ಕಿಲೋಹರ್ಟ್ಸ್. (ಹಿರಿಯರು ಇದನ್ನೇ ಕಿಲೋಸೈಕಲ್ ಎನ್ನುತ್ತಿದ್ದರು.) ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸನ್ನು ಹಿಡಿಯಬೇಕಾದರೆ ರೇಡಿಯೋವಿನೊಳಗಿನ ಆಂದೋಲಕವು 1067ರಲ್ಲಿ ಕಂಪಿಸುತ್ತಿರಬೇಕು, ಎರಡರ ಅಂತರ 455. ಅದೇ ಕ್ಷಣದಲ್ಲಿ ಆಂಟೆನಾ ಸುರುಳಿಯು 612ಕ್ಕೇ ಅನುನಾದಗೊಂಡಿರಬೇಕು. ಮುಳ್ಳನ್ನು ತಿರುಗಿಸಿದಾಗ ಎರಡೂ ಒಟ್ಟಿಗೆ ಸರಿಯಬೇಕು.

ಇಲ್ಲಿಯೇ ಸ್ವಾರಸ್ಯವಿರುವುದು. ಮಧ್ಯಮ ತರಂಗದ ಪಟ್ಟಿಯು 531ರಿಂದ 1602ರ ವರೆಗೆ ಹರಡಿದೆ. ಅಂದರೆ ಸುಮಾರು 3 ಪಟ್ಟು. ಆವೃತ್ತಿಯು ಧಾರಕತ್ವದ ವರ್ಗಮೂಲಕ್ಕೆ ವಿಲೋಮವಾಗಿರುವುದರಿಂದ ಆಂಟೆನಾ ಮಂಡಲದ ಧಾರಕತ್ವವು ಸುಮಾರು 9.1 ಪಟ್ಟು ಬದಲಾಗಬೇಕು. ಆಂದೋಲಕವಾದರೋ 986ರಿಂದ 2057ರ ವರೆಗೆ ಹೋದರೆ ಸಾಕು. ಅದರ ಧಾರಕತ್ವವು ಬದಲಾಗಬೇಕಾದುದು ಕೇವಲ 4.35 ಪಟ್ಟು. ಒಂದೇ ಅಕ್ಷಕ್ಕೆ ಕಟ್ಟಿದ ಎರಡು ಕಂಡೆನ್ಸರುಗಳು ಇಷ್ಟು ಬೇರೆ ಬೇರೆಯಾದ ನಡಿಗೆಯಲ್ಲಿ ಜೊತೆಯಾಗಿ ನಡೆಯುವುದು ಹೇಗೆ? ಅದಕ್ಕಾಗಿಯೇ ಆಂದೋಲಕದ ಭಾಗಕ್ಕೆ ಚಿಕ್ಕ ಫಲಕಗಳನ್ನಾಗಲಿ, ಸರಣಿಯಲ್ಲಿ ಪ್ಯಾಡರ್ ಎಂಬ ಇನ್ನೊಂದು ಕಂಡೆನ್ಸರನ್ನಾಗಲಿ ಕೊಟ್ಟಿರುತ್ತಾರೆ. ಅಷ್ಟಾದರೂ ಹೊಂದಾಣಿಕೆಯು ಪಟ್ಟಿಯ ಎರಡು ಮೂರು ಬಿಂದುಗಳಲ್ಲಿ ಮಾತ್ರ ಪೂರ್ಣ, ಉಳಿದೆಡೆ ಅಂದಾಜು. ವಿದ್ಯಾರ್ಥಿಯು ಈ ಲೆಕ್ಕವನ್ನು ಒಮ್ಮೆ ತಾನೇ ಹಾಕಿ ನೋಡಿದನೆಂದರೆ ಪಠ್ಯಪುಸ್ತಕದ ಸೂತ್ರವು ಅವನಿಗೆ ಮತ್ತೆಂದೂ ಮರೆಯದು.

ನಾವು ವಿದ್ಯಾರ್ಥಿಗಳಾಗಿದ್ದಾಗ ಈ ಲೆಕ್ಕವನ್ನು ಯಾರೂ ಹೇಳಿಕೊಡಲಿಲ್ಲ. ನಮ್ಮ ಮೊದಲ ರೇಡಿಯೋ ಮೂಕವಾಗಿದ್ದಾಗ ಉಕ್ಕಿನ ತಿರುಪುಳಿಯನ್ನು ಹಿಡಿದು ಕಂಡ ಕಂಡ ತಿರುಳುಗಳನ್ನೆಲ್ಲ ತಿರುಗಿಸಿದೆವು. ಉಕ್ಕಿನ ಅಲಗು ಸುರುಳಿಯ ಬಳಿ ಬಂದೊಡನೆಯೇ ಅದರ ಪ್ರೇರಕತ್ವವು ಬದಲಾಗುತ್ತದೆ. ಆದಕಾರಣ ಅಲಗು ಒಳಗಿರುವಾಗ ದೊರೆತ ಶಿಖರವು ಅದನ್ನು ಹೊರತೆಗೆದೊಡನೆ ಮಾಯವಾಗುತ್ತಿತ್ತು. ಕಡೆಗೆ ಒಂದು ಫೆರೈಟ್ ತಿರುಳು ಸೀಳಿ ಡಬ್ಬಿಯೊಳಗೇ ಸಿಕ್ಕಿಕೊಂಡಿತು. ಒಂದು ಬಿದಿರು ಕಡ್ಡಿಯ ತುದಿಯನ್ನು ಚಪ್ಪಟೆಯಾಗಿ ಕೆತ್ತಿಕೊಂಡಿದ್ದರೆ ಸಾಕಾಗಿತ್ತು. ಅಂಥದೇ ಇನ್ನೊಂದು ಕಡ್ಡಿಯ ಒಂದು ತುದಿಗೆ ಫೆರೈಟಿನ ಚೂರನ್ನೂ ಮತ್ತೊಂದು ತುದಿಗೆ ಹಿತ್ತಾಳೆಯ ಚೂರನ್ನೂ ಅಂಟಿಸಿಕೊಂಡರೆ ಏನನ್ನೂ ತಿರುಗಿಸದೆಯೇ ಪರೀಕ್ಷಿಸಬಹುದು. ಫೆರೈಟನ್ನು ಆಂಟೆನಾ ಸುರುಳಿಯ ಹತ್ತಿರ ಹಿಡಿದಾಗ ಧ್ವನಿ ಏರಿದರೆ ಪ್ರೇರಕತ್ವ ಸಾಲದು. ಹಿತ್ತಾಳೆಗೆ ಏರಿದರೆ ಹೆಚ್ಚಾಗಿದೆ. ಎರಡಕ್ಕೂ ಇಳಿದರೆ ಸರಿಯಾಗಿದೆ.

ಕಿವಿಯೊಂದನ್ನೇ ನಂಬಬಾರದೆಂಬುದು ನಮ್ಮ ಎರಡನೆಯ ಆಗ್ರಹ. ಸಂಜ್ಞೆ ಬಲವಾದಷ್ಟೂ ರೇಡಿಯೋವಿನ ಸ್ವಯಂ ನಿಯಂತ್ರಣ ಮಂಡಲವು ವರ್ಧನೆಯನ್ನು ತಗ್ಗಿಸುತ್ತದೆ. ಹೀಗಾಗಿ ಶಿಖರವು ಕಿವಿಗೆ ಗುಡ್ಡದಂತೆ ಕಾಣದೆ ಮೈದಾನದಂತೆ ಕಾಣುತ್ತದೆ. ಆ ಮಂಡಲದ ವೋಲ್ಟೇಜನ್ನು ಮೀಟರಿನಲ್ಲಿ ನೋಡುತ್ತ, ಸಂಜ್ಞೆಯನ್ನು ಬೇಕೆಂದೇ ಕ್ಷೀಣಗೊಳಿಸಿಕೊಂಡು ಕೆಲಸ ಮಾಡಬೇಕು. ಕ್ಷೀಣಗೊಳಿಸುವುದು ಸುಲಭ: ಫೆರೈಟ್ ದಂಡದ ತುದಿಯು ನಿಲಯದ ಕಡೆಗೆ ಮುಖ ಮಾಡುವಂತೆ ರೇಡಿಯೋವನ್ನು ತಿರುಗಿಸಿದರಾಯಿತು. ಇದೆಲ್ಲವೂ ಹಗಲಿನಲ್ಲಿ ನಡೆಯತಕ್ಕದ್ದು. ರಾತ್ರಿಯಲ್ಲಿ ಅಯಾನುಗೋಳದಿಂದ ಪ್ರತಿಫಲಿಸಿ ಬರುವ ಅಲೆಗಳು ತಾವಾಗಿ ಏರಿಳಿಯುತ್ತವೆ; ಆ ಏರಿಳಿತವನ್ನು ನಮ್ಮ ಕೈಚಳಕವೆಂದು ಭ್ರಮಿಸಬೇಕಾಗುತ್ತದೆ.

ಕ್ರಮವೂ ಮುಖ್ಯ. ಮೊದಲು ಮಧ್ಯಂತರ ಆವೃತ್ತಿಯ ಡಬ್ಬಿಗಳನ್ನು ಹಿಂದಿನಿಂದ ಮುಂದಕ್ಕೆ, ಎಂದರೆ ಸಾಮಾನ್ಯವಾಗಿ ಕಪ್ಪು, ಬಿಳಿ, ಹಳದಿ ಈ ಅನುಕ್ರಮದಲ್ಲಿ ಶಿಖರಕ್ಕೆ ತರಬೇಕು. ಬಳಿಕ ಪಟ್ಟಿಯ ಕೆಳತುದಿಯಲ್ಲಿ ಆಂದೋಲಕದ ಕೆಂಪು ತಿರುಳನ್ನೂ ದಂಡದ ಮೇಲಿನ ಸುರುಳಿಯ ಸ್ಥಾನವನ್ನೂ, ಮೇಲ್ತುದಿಯಲ್ಲಿ ಟ್ರಿಮ್ಮರುಗಳನ್ನೂ ಸರಿಪಡಿಸಬೇಕು. ಒಂದು ತುದಿಯನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ. ಮೂರು ನಾಲ್ಕು ಸಲ ಹೋಗಿ ಬರಬೇಕು. ಬೇಸರಪಡುವವರು ಇಲ್ಲಿಯೇ ಕೈಬಿಡುತ್ತಾರೆ.

ಸಿಗ್ನಲ್ ಜನರೇಟರು ಇಲ್ಲವೆಂಬುದು ಕಾಲೇಜುಗಳ ಸಾಮಾನ್ಯ ನೆಪ. ಸರಿಯಾಗಿರುವ ಹಳೆಯ ಟ್ರಾನ್ಸಿಸ್ಟರು ರೇಡಿಯೋ ಒಂದಿದ್ದರೆ ಅದೇ ಜನರೇಟರು! ಅದನ್ನು 945ಕ್ಕೆ ತಿರುಗಿಸಿ ಪಕ್ಕದಲ್ಲಿಟ್ಟರೆ ಅದರ ಆಂದೋಲಕವು 1400ರ ಕ್ಷೀಣ ಅಲೆಯನ್ನು ಹೊರಸೂಸುತ್ತದೆ. ಈ ಅಲೆಯಲ್ಲಿ ಮಾತಾಗಲಿ ಹಾಡಾಗಲಿ ಇರುವುದಿಲ್ಲ. ಮೀಟರಿನ ಮುಳ್ಳು ಮಾತ್ರ ಅದನ್ನು ಕಾಣುತ್ತದೆ. ಇದಕ್ಕೆ 455ರ ಹಳೆಯ ಮಾದರಿಯೇ ಆಗಬೇಕು. ಅಂಕೀಯ ಸಂಸ್ಕರಣದ ಹೊಸ ಚಿಪ್ಪುಗಳ ರೇಡಿಯೋ ಒದಗದು.

ಆ ಚಿಪ್ಪುಗಳಿಗೆ ಶ್ರುತಿ ಸೇರಿಸುವ ಗೋಜೇ ಇಲ್ಲವಲ್ಲ, ಮತ್ತೇಕೆ ಈ ಶ್ರಮವೆಂದು ಕೇಳುವವರುಂಟು. ಮಧ್ಯಮ ತರಂಗವೇ ಅಳಿಯುತ್ತಿದೆಯೆಂದೂ ಅವರು ಹೇಳುತ್ತಾರೆ. ಮಾತು ಸುಳ್ಳಲ್ಲ. ಜರ್ಮನಿಯ ಸಾರ್ವಜನಿಕ ಪ್ರಸಾರ ಸಂಸ್ಥೆಗಳು 2015ರ ಹೊತ್ತಿಗೆ ತಮ್ಮ ಮಧ್ಯಮ ತರಂಗ ಪ್ರೇಷಕಗಳನ್ನು ನಿಲ್ಲಿಸಿದವು. ನಮ್ಮ ಮನೆಗಳಲ್ಲಿಯೂ ಎಲ್‌ಇಡಿ ದೀಪಗಳು, ಮೊಬೈಲಿನ ಚಾರ್ಜರುಗಳು ಪಟ್ಟಿಯನ್ನೆಲ್ಲ ಗದ್ದಲದಿಂದ ತುಂಬಿವೆ. ಆದರೆ ನಮ್ಮ ಚಿಂತೆ ರೇಡಿಯೋವಿನದಲ್ಲ. ಅನುನಾದದ ವಕ್ರರೇಖೆಯನ್ನು ದಾಖಲೆ ಪುಸ್ತಕದಲ್ಲಿ ಅಂದವಾಗಿ ಬರೆದು ಪೂರ್ಣಾಂಕ ಪಡೆದ ವಿದ್ಯಾರ್ಥಿಯು ಅದೇ ವಕ್ರರೇಖೆಯು ತನ್ನ ಬೆರಳ ತುದಿಯಲ್ಲಿ ಏರಿ ಇಳಿಯುವುದನ್ನು ಒಮ್ಮೆಯೂ ಅನುಭವಿಸದೆ ಪದವೀಧರನಾಗುತ್ತಿದ್ದಾನೆ. ಆಕಾಶದಲ್ಲಿ ಉಚಿತವಾಗಿ ದೊರೆಯುವ ಸ್ಥಿರವಾದ ಸಂಜ್ಞೆಯು ಇನ್ನೂ ಇರುವಾಗಲೇ ಅದನ್ನು ಉಪಯೋಗಿಸಿಕೊಳ್ಳಬೇಕೆಂದು ನಮ್ಮ ಸಹೋದ್ಯೋಗಿಗಳನ್ನು ಕೇಳಿಕೊಳ್ಳುತ್ತೇವೆ.

ಒಂದು ಎಚ್ಚರಿಕೆ. ಮನೆಯಲ್ಲಿ ಹಿರಿಯರು ಕೇಳುತ್ತಿರುವ, ಸರಿಯಾಗಿಯೇ ಹಾಡುತ್ತಿರುವ ರೇಡಿಯೋವಿನ ಮೇಲೆ ಈ ವಿದ್ಯೆಯನ್ನು ಪ್ರಯೋಗಿಸಕೂಡದು. ನಿಮ್ಮದಕ್ಕೆ ಶ್ರುತಿ ಸೇರಿದ ಮೇಲೆ ಪ್ರತಿ ತಿರುಳಿನ ಮೇಲೂ ಮೇಣದಬತ್ತಿಯ ಒಂದು ಹನಿಯನ್ನು ಬಿಡಿ. ಅಂಟನ್ನು ಮಾತ್ರ ಸುರಿಯಬೇಡಿ. ಮುಂದಿನ ವರ್ಷ ಅದನ್ನು ಮತ್ತೆ ಬಿಚ್ಚಬೇಕಾಗಿ ಬರುತ್ತದೆ.